ಮೋಡೆಮ್‌ನ ಸೆಟ್ಟಿಂಗ್ಸ್ ಪುಟ ತೆರೆಯದಿದ್ದಾಗ: ಕೇಬಲ್ ಇಂಟರ್ನೆಟ್ ಇರುವ ಕರಾವಳಿಯ ಮನೆಗಳಿಗೆ ದೋಷ ನಿವಾರಣೆ ಕೈಪಿಡಿ

ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಇಂಟರ್ನೆಟ್ ನಿಧಾನವಾದಾಗ ಅಥವಾ ಗಳಿಗೆಗೊಮ್ಮೆ ಕಡಿದುಹೋಗತೊಡಗಿದಾಗ, ದೋಷ ಮನೆಯೊಳಗಿನದೋ ಕಂಬದ ಮೇಲಿನದೋ ಎಂದು ತಿಳಿಸಬಲ್ಲ ಸಾಕ್ಷಿ ಕೇಬಲ್ ಮೋಡೆಮ್‌ನೊಳಗೇ ಇರುತ್ತದೆ. ಮೋಡೆಮ್ ತನ್ನದೇ ಆದ ಚಿಕ್ಕ ವೆಬ್ ಪುಟವೊಂದನ್ನು ಇಟ್ಟುಕೊಂಡು, ಸಿಗ್ನಲ್ ಎಷ್ಟು ಬಲವಾಗಿ ಬರುತ್ತಿದೆ, ಸಂಪರ್ಕ ಯಾವಾಗ ಕಡಿಯಿತು ಎಂಬುದನ್ನೆಲ್ಲ ಅಲ್ಲಿ ತೋರಿಸುತ್ತದೆ. ಬಹುತೇಕ ಎಲ್ಲ ಕೇಬಲ್ ಮೋಡೆಮ್‌ಗಳಲ್ಲೂ ಆ ಪುಟದ ವಿಳಾಸ 192.168.100.1. ಇದು ಒಂದೊಂದು ಕಂಪನಿ ತನಗೆ ತೋಚಿದಂತೆ ಆಯ್ದುಕೊಂಡ ಸಂಖ್ಯೆಯಲ್ಲ. 1997ರಲ್ಲಿ ಮೊದಲ ಆವೃತ್ತಿ ಕಂಡ ಡಾಕ್ಸಿಸ್ ಎಂಬ ಕೇಬಲ್ ಮಾನದಂಡದ ಕುಟುಂಬಕ್ಕೆ ಸೇರಿದ ಮೋಡೆಮ್‌ಗಳಿಗೆ ಪರೀಕ್ಷೆಗೆಂದು ಗೊತ್ತುಮಾಡಿದ ವಿಳಾಸ.

ಪುಟ ತೆರೆಯದಿದ್ದ ಕೂಡಲೇ ಮೋಡೆಮ್ ಕೆಟ್ಟಿದೆಯೆಂದು ತೀರ್ಮಾನಿಸಿ, ಹಿಂಬದಿಯ ಸಣ್ಣ ತೂತಿಗೆ ಪಿನ್ನು ತೂರಿಸಿ ರೀಸೆಟ್ ಮಾಡುವವರು ಬಹಳ ಮಂದಿ. ದಯವಿಟ್ಟು ಹಾಗೆ ಮಾಡಬೇಡಿ. ಹೆಚ್ಚಿನ ಸಲ ನೀವು ಟೈಪ್ ಮಾಡಿದ ವಿಳಾಸ ಬೇರೆಯೇ ಪೆಟ್ಟಿಗೆಯದಾಗಿರುತ್ತದೆ, ಇಲ್ಲವೇ ನಿಮ್ಮ ಕೋರಿಕೆ ಮೋಡೆಮ್ ತಲುಪುವ ದಾರಿಯಲ್ಲಿ ಎಲ್ಲೋ ನಿಂತುಹೋಗಿರುತ್ತದೆ. ಯಾವ ಪೆಟ್ಟಿಗೆ, ಯಾವ ದಾರಿ ಎಂಬ ಈ ಎರಡನ್ನು ಪತ್ತೆಹಚ್ಚಲು ಹಣ ಖರ್ಚಾಗುವುದಿಲ್ಲ. ರೀಸೆಟ್ ಮಾಡಿದರೆ ಮಾತ್ರ ಚೆನ್ನಾಗಿದ್ದ ವ್ಯವಸ್ಥೆಯೂ ಅಳಿಸಿಹೋಗಬಹುದು.

ಕೈಹಾಕುವ ಮುನ್ನ

ಕರಾವಳಿಯಲ್ಲಿ ಗುಡುಗು ಸಿಡಿಲು ಹೆಚ್ಚಾಗಿರುವುದು ಮುಂಗಾರಿಗೆ ಮೊದಲಿನ ಏಪ್ರಿಲ್, ಮೇ ತಿಂಗಳುಗಳಲ್ಲಿ ಮತ್ತು ಮಳೆಗಾಲ ಹಿಂದೆ ಸರಿಯುವ ಅಕ್ಟೋಬರ್, ನವೆಂಬರ್‌ನ ಸಂಜೆಗಳಲ್ಲಿ. ಕಂಬದಿಂದ ತೆಂಗಿನ ಮರಕ್ಕೆ, ಅಲ್ಲಿಂದ ಮನೆಯ ಮಾಡಿಗೆ ಎಳೆದಿರುವ ಕೇಬಲ್ ತಂತಿ ಸಿಡಿಲಿನ ವಿದ್ಯುತ್ತನ್ನು ನೇರವಾಗಿ ಒಳಗೆ ತರಬಲ್ಲದು. ಗುಡುಗು ಕೇಳಿಸುತ್ತಿರುವಾಗ ಮೋಡೆಮನ್ನಾಗಲಿ, ಅದಕ್ಕೆ ತಂತಿಯಿಂದ ಜೋಡಿಸಿದ ಲ್ಯಾಪ್‌ಟಾಪನ್ನಾಗಲಿ ಮುಟ್ಟಬಾರದು. ಮೋಡ ಕವಿಯುವ ಮೊದಲೇ ಅಡಾಪ್ಟರ್ ಜೊತೆಗೆ ಕೇಬಲ್ ತಂತಿಯನ್ನೂ ಕಳಚಿಡಬೇಕು. ಸ್ವಿಚ್ ಆಫ್ ಮಾಡಿದರೆ ಸಾಕೆಂದು ಅನೇಕರು ತಿಳಿದಿದ್ದಾರೆ. ಆದರೆ ತಂತಿಯ ದಾರಿ ಆಗಲೂ ತೆರೆದೇ ಇರುತ್ತದೆ.

ಕೇಬಲ್‌ನ ಲೋಹದ ತುದಿಯನ್ನು ಮುಟ್ಟಿದಾಗ ಬೆರಳು ಜುಮ್ಮೆಂದರೆ ಎಲ್ಲ ಪರೀಕ್ಷೆಗಳನ್ನು ಅಲ್ಲಿಗೇ ನಿಲ್ಲಿಸಬೇಕು. ಅದು ಅರ್ತಿಂಗ್ ಸರಿಯಿಲ್ಲದಿರುವುದರ ಅಥವಾ ಎಲ್ಲಿಂದಲೋ ವಿದ್ಯುತ್ ಸೋರುತ್ತಿರುವುದರ ಗುರುತು. ಇಲೆಕ್ಟ್ರೀಷಿಯನ್ ಬಂದು ನೋಡುವ ತನಕ ಮೋಡೆಮ್, ಟಿವಿ ಎರಡನ್ನೂ ಬಳಸಬೇಡಿ. ಗಾಳಿಮಳೆಗೆ ಕೇಬಲ್ ತಂತಿ ವಿದ್ಯುತ್ ತಂತಿಯ ಮೇಲೆ ಬಿದ್ದಿದ್ದರೆ ಹತ್ತಿರ ಹೋಗದೆ ಮೆಸ್ಕಾಂನ 1912 ಸಂಖ್ಯೆಗೆ ತಿಳಿಸಿ. ಕಂಬದ ಮೇಲಿನ ಅಥವಾ ಕಂಪೌಂಡಿನ ಗೋಡೆಗೆ ಬಡಿದಿರುವ ಕೇಬಲ್‌ನವರ ಪೆಟ್ಟಿಗೆಯನ್ನು ನೀವಾಗಿ ತೆರೆಯಬೇಡಿ; ಅದರೊಳಗಿನ ಆಂಪ್ಲಿಫೈಯರ್‌ಗೆ ವಿದ್ಯುತ್ ಸಂಪರ್ಕ ಇರುತ್ತದೆ.

ಮೊದಲ ಪ್ರಶ್ನೆ: ಮನೆಯಲ್ಲಿರುವುದು ನಿಜವಾಗಿ ಕೇಬಲ್ ಮೋಡೆಮ್ ಹೌದೇ

ಹೆಸರಿಗೆ ಕೇಬಲ್ ನೆಟ್ ಆದರೂ ಎಲ್ಲ ಮನೆಗಳಲ್ಲಿ ಕೇಬಲ್ ಮೋಡೆಮ್ ಇರುವುದಿಲ್ಲ. ಟಿವಿ ಕೇಬಲಿನಂಥ ದಪ್ಪ ಕಪ್ಪು ತಂತಿ, ತಿರುಗಿಸಿ ಬಿಗಿಮಾಡುವ ತುದಿಯೊಂದಿಗೆ ಪೆಟ್ಟಿಗೆಯ ಹಿಂಬದಿಗೆ ಸೇರಿದ್ದರೆ ಅದು ಕೇಬಲ್ ಮೋಡೆಮ್. ಹಸಿರು ಅಥವಾ ನೀಲಿ ಪ್ಲಾಸ್ಟಿಕ್ ತುದಿಯ ತೆಳ್ಳನೆಯ ತಂತಿ ಬಂದಿದ್ದರೆ ಅದು ಫೈಬರ್ ಸಂಪರ್ಕ; ಅದರ ತುದಿಯನ್ನು ಕಳಚಿ ಕಣ್ಣಿನ ಎದುರು ಹಿಡಿದು ನೋಡಬಾರದು, ಏಕೆಂದರೆ ಅದರಲ್ಲಿ ಹರಿಯುವ ಲೇಸರ್ ಬೆಳಕು ಕಣ್ಣಿಗೆ ಕಾಣಿಸುವುದಿಲ್ಲ. ಹೊರಗಿನಿಂದ ಬಂದ ಲ್ಯಾನ್ ಕೇಬಲ್ ನೇರವಾಗಿ ರೌಟರ್‌ಗೆ ಸೇರಿದ್ದರೆ ಮನೆಯಲ್ಲಿ ಮೋಡೆಮ್ ಇಲ್ಲವೇ ಇಲ್ಲ, ಹುಡುಕುವುದು ವ್ಯರ್ಥ. ಫೈಬರ್ ಪೆಟ್ಟಿಗೆಗಳಲ್ಲೂ ಕೆಲವು, ಮುಖ್ಯವಾಗಿ ಹುವಾವೇ ತಯಾರಿಕೆಯ ಕೆಲವು ಮಾದರಿಗಳು, 192.168.100.1 ಎಂಬ ವಿಳಾಸವನ್ನೇ ಬಳಸುತ್ತವೆ. ಆದ್ದರಿಂದ ಪುಟ ತೆರೆಯಿತೆಂಬ ಒಂದೇ ಕಾರಣಕ್ಕೆ ಅದು ಕೇಬಲ್ ಮೋಡೆಮ್ ಎಂದುಕೊಳ್ಳಬಾರದು.

ಲಕ್ಷಣ: ವಿಳಾಸ ಹಾಕಿದರೆ ಗೂಗಲ್ ಹುಡುಕಾಟದ ಪುಟ ಬರುತ್ತದೆ

ಇದು ಅತಿ ಸುಲಭದ ದೋಷ. ಬ್ರೌಸರ್ ನಿಮ್ಮ ಸಂಖ್ಯೆಯನ್ನು ವಿಳಾಸವೆಂದು ಗುರುತಿಸದೆ ಹುಡುಕಬೇಕಾದ ಪದವೆಂದು ಭಾವಿಸಿದೆ. ಚುಕ್ಕಿಯ ಬದಲು ಅಲ್ಪವಿರಾಮ ಬಿದ್ದಿದೆಯೇ, ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ಓ ಅಕ್ಷರ ಬಂದಿದೆಯೇ, ನಡುವೆ ಖಾಲಿ ಜಾಗ ಉಳಿದಿದೆಯೇ ಎಂದು ನೋಡಿ. ವಿಳಾಸವನ್ನು ಪುಟದ ನಡುವಿನ ಹುಡುಕಾಟದ ಪೆಟ್ಟಿಗೆಯಲ್ಲಿ ಹಾಕದೆ, ಬ್ರೌಸರಿನ ತುತ್ತತುದಿಯ ವಿಳಾಸ ಪಟ್ಟಿಯಲ್ಲಿಯೇ ಹಾಕಬೇಕು. ಅದಕ್ಕೂ ಬಗ್ಗದಿದ್ದರೆ ಮುಂದೆ ಎಚ್‌ಟಿಟಿಪಿ, ಒಂದು ಕೋಲನ್, ಎರಡು ಓರೆಗೆರೆ ಸೇರಿಸಿ. ಇಲ್ಲಿ ಕೊನೆಯಲ್ಲಿ ಎಸ್ ಅಕ್ಷರ ಬೇಡ. ಹಳೆಯ ಮೋಡೆಮ್‌ಗಳಿಗೆ ಸುರಕ್ಷಿತ ಸಂಪರ್ಕದ ಭಾಷೆ ಬರುವುದಿಲ್ಲ, ಹೊಸ ಬ್ರೌಸರ್‌ಗಳು ಅದನ್ನು ತಾವಾಗಿಯೇ ಸೇರಿಸಿ ಕಾಯುತ್ತ ಕುಳಿತುಬಿಡುತ್ತವೆ. ಇದೇ ಪರೀಕ್ಷೆಯನ್ನು ಖಾಸಗಿ ಕಿಟಕಿಯಲ್ಲಿ, ಅಂದರೆ ಇನ್‌ಕಾಗ್ನಿಟೋದಲ್ಲಿ, ಒಮ್ಮೆ ಮಾಡಿ ನೋಡಿ. ಅಲ್ಲಿ ತೆರೆದರೆ ಬ್ರೌಸರ್ ಉಳಿಸಿಕೊಂಡಿದ್ದ ಹಳೆಯ ದಾಖಲೆಯನ್ನು ಅಳಿಸಿದರಾಯಿತು.

ಲಕ್ಷಣ: ಲಾಗಿನ್ ಪುಟ ಬರುತ್ತದೆ, ಆದರೆ ಅದು ಬೇರೆ ಪೆಟ್ಟಿಗೆಯದು

192.168.0.1 ಅಥವಾ 192.168.1.1 ಎಂದು ಹಾಕಿದಾಗ ಬರುವುದು ಸಾಮಾನ್ಯವಾಗಿ ವೈಫೈ ರೌಟರಿನ ಪುಟ. ರೌಟರ್ ಮನೆಯ ಫೋನು, ಟಿವಿ, ಲ್ಯಾಪ್‌ಟಾಪ್‌ಗಳಿಗೆ ವಿಳಾಸ ಹಂಚುತ್ತದೆ. ಮೋಡೆಮ್ ಅದರ ಆಚೆಗೆ, ಕೇಬಲ್ ತಂತಿಯ ಬದಿಯಲ್ಲಿ ನಿಂತಿರುತ್ತದೆ. ವೈಫೈ ಪಾಸ್‌ವರ್ಡ್ ಬದಲಿಸಬೇಕಾಗಿದ್ದರೆ ನಿಮಗೆ ಬೇಕಾದದ್ದು ರೌಟರಿನ ಪುಟವೇ, ಮೋಡೆಮ್ ತನಕ ಹೋಗುವ ಅಗತ್ಯವಿಲ್ಲ. ಸಿಗ್ನಲ್ ಬಲವನ್ನು ನೋಡಬೇಕಾಗಿದ್ದರೆ ಮಾತ್ರ 192.168.100.1. ರೌಟರ್ ಮತ್ತು ಮೋಡೆಮ್ ಒಂದೇ ಪೆಟ್ಟಿಗೆಯಲ್ಲಿ ಕೂಡಿಕೊಂಡಿರುವ ಮಾದರಿಗಳಲ್ಲಿ ಎರಡು ಪುಟಗಳೂ ಒಂದೇ ಕಡೆ ಸಿಗಬಹುದು.

ರೌಟರಿನ ವಿಳಾಸ ತಿಳಿಯದಿದ್ದರೆ ಊಹಿಸಬೇಕಾಗಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ವೈಫೈ ಹೆಸರನ್ನು ಒತ್ತಿ ವಿವರ ತೆರೆದರೆ ಗೇಟ್‌ವೇ ಎಂಬಲ್ಲಿಯೂ, ಐಫೋನಿನಲ್ಲಿ ರೌಟರ್ ಎಂಬ ಸಾಲಿನಲ್ಲಿಯೂ ಅದು ಕಾಣಿಸುತ್ತದೆ. ವಿಂಡೋಸ್ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಎಂಬ ಆದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟರೆ ಡೀಫಾಲ್ಟ್ ಗೇಟ್‌ವೇ ಎಂಬಲ್ಲಿ ಸಿಗುತ್ತದೆ.

ಲಕ್ಷಣ: ಲ್ಯಾಪ್‌ಟಾಪಿನಲ್ಲಿ ತೆರೆಯುತ್ತದೆ, ಫೋನಿನಲ್ಲಿ ತೆರೆಯುವುದಿಲ್ಲ

ಕೆಂಪುಕಲ್ಲಿನ ದಪ್ಪ ಗೋಡೆಯ ಹಳೆಯ ಮನೆಗಳಲ್ಲಿ ಒಳಕೋಣೆಗೆ ಹೋದಂತೆ ವೈಫೈ ಕ್ಷೀಣಿಸುತ್ತದೆ. ವೈಫೈ ದುರ್ಬಲವಾದಾಗ, ಅಥವಾ ವೈಫೈ ಇದ್ದರೂ ಅದರಲ್ಲಿ ಇಂಟರ್ನೆಟ್ ಇಲ್ಲವೆಂದು ಕಂಡಾಗ, ಫೋನು ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಹಾರುತ್ತದೆ. ಆಗ ನಿಮ್ಮ ಕೋರಿಕೆ ಮನೆಯ ಮೋಡೆಮಿನ ಬದಲು ಮೊಬೈಲ್ ಕಂಪನಿಯ ಜಾಲಕ್ಕೆ ಹೋಗುತ್ತದೆ. ಇಂಟರ್ನೆಟ್ ಕೆಟ್ಟಾಗಲೇ ಮೋಡೆಮ್ ಪುಟದ ಅಗತ್ಯ ಬೀಳುವುದರಿಂದ ಈ ತೊಡಕು ಬಹಳ ಸಾಮಾನ್ಯ. ಮೊಬೈಲ್ ಡೇಟಾ ಆಫ್ ಮಾಡಿ, ವಿಪಿಎನ್ ಆ್ಯಪ್ ಇದ್ದರೆ ಅದನ್ನೂ ನಿಲ್ಲಿಸಿ, ರೌಟರಿನ ಸಮೀಪ ನಿಂತು ಮತ್ತೆ ಪ್ರಯತ್ನಿಸಿ. ಅತಿಥಿಗಳಿಗೆಂದು ಇಟ್ಟ ಗೆಸ್ಟ್ ವೈಫೈಗೆ ಫೋನು ಸೇರಿಕೊಂಡಿದ್ದರೆ ಸೆಟ್ಟಿಂಗ್ಸ್ ಪುಟಗಳು ತೆರೆಯದಿರುವುದು ದೋಷವಲ್ಲ, ಅದು ಬೇಕೆಂದೇ ಮಾಡಿದ ರಕ್ಷಣೆ.

ಲಕ್ಷಣ: ಇಂಟರ್ನೆಟ್ ಚೆನ್ನಾಗಿದೆ, ಮೋಡೆಮಿನ ಪುಟ ಮಾತ್ರ ಸುತ್ತುತ್ತ ಸುತ್ತುತ್ತ ಸೋಲುತ್ತದೆ

ಇದು ಜನರನ್ನು ಅತಿಹೆಚ್ಚು ಗೊಂದಲಕ್ಕೆ ಕೆಡಹುವ ಲಕ್ಷಣ. ಇದನ್ನು ಅರ್ಥ ಮಾಡಿಕೊಳ್ಳಲು ಕೋರಿಕೆಯ ದಾರಿಯನ್ನು ಒಮ್ಮೆ ನೆನಪಿನಲ್ಲಿ ತಂದುಕೊಳ್ಳಬೇಕು. ನಿಮ್ಮ ಲ್ಯಾಪ್‌ಟಾಪಿಗೆ 192.168.100.1 ತನ್ನ ಕೇರಿಯ ವಿಳಾಸವಲ್ಲ. ಹಾಗಾಗಿ ಅದು ಕೋರಿಕೆಯನ್ನು ರೌಟರಿಗೆ ಒಪ್ಪಿಸುತ್ತದೆ. ರೌಟರಿಗೂ ಅದು ಪರಿಚಿತವಲ್ಲ. ಹೊರಗಿನ ಎಲ್ಲ ವಿಳಾಸಗಳಂತೆ ಅದನ್ನೂ ಕೇಬಲ್ ಬದಿಗೆ ತಳ್ಳುತ್ತದೆ. ಅಲ್ಲಿ ನಿಂತಿರುವ ಮೋಡೆಮ್ ತನ್ನ ವಿಳಾಸವನ್ನು ಗುರುತಿಸಿ, ಕೋರಿಕೆಯನ್ನು ನಡುದಾರಿಯಲ್ಲೇ ಹಿಡಿದು ಉತ್ತರಿಸಬೇಕು. ಈ ಸರಪಳಿಯ ಯಾವ ಕೊಂಡಿ ಕಳಚಿದರೂ ಪುಟ ಬರುವುದಿಲ್ಲ, ಆದರೆ ಇಂಟರ್ನೆಟ್ ನಡೆಯುತ್ತಲೇ ಇರುತ್ತದೆ.

ಮೊದಲು ಪಿಂಗ್ ಮಾಡಿ, ಅಂದರೆ ಆ ವಿಳಾಸಕ್ಕೆ ಚಿಕ್ಕ ಕರೆಯೊಂದನ್ನು ಕಳುಹಿಸಿ ಉತ್ತರ ಬರುತ್ತದೆಯೇ ಎಂದು ನೋಡಿ. ಕಮಾಂಡ್ ಪ್ರಾಂಪ್ಟಿನಲ್ಲಿ ಪಿಂಗ್ ಎಂಬ ಆದೇಶ, ಒಂದು ಖಾಲಿ ಜಾಗ, ಬಳಿಕ ಮೋಡೆಮಿನ ವಿಳಾಸ ಕೊಡಬೇಕು. ಕೆಲವೇ ಮಿಲಿಸೆಕೆಂಡುಗಳಲ್ಲಿ ಉತ್ತರ ಬಂದರೆ ದಾರಿ ಸರಿಯಿದೆ, ತೊಂದರೆ ಬ್ರೌಸರಿನದು ಅಥವಾ ಮೋಡೆಮಿನ ವೆಬ್ ಪುಟದ್ದು. ಉತ್ತರ ಬಂದರೂ ಪ್ರತಿಸಲ ಹತ್ತಾರು ಮಿಲಿಸೆಕೆಂಡು ಹಿಡಿಯುತ್ತಿದ್ದರೆ ಎಚ್ಚರ: ಉತ್ತರಿಸುತ್ತಿರುವುದು ಮನೆಯ ಪೆಟ್ಟಿಗೆಯಲ್ಲದೆ ಕೇಬಲ್‌ನವರ ಜಾಲದೊಳಗಿನ ಅದೇ ವಿಳಾಸದ ಇನ್ಯಾವುದೋ ಯಂತ್ರವಾಗಿರಬಹುದು. ಡೆಸ್ಟಿನೇಷನ್ ಅನ್‌ರೀಚಬಲ್ ಎಂಬ ಉತ್ತರ ಬಂದರೆ ಅದನ್ನು ಹೇಳುತ್ತಿರುವ ವಿಳಾಸ ಯಾವುದೆಂದು ಗಮನಿಸಿ. ಅದು ರೌಟರಿನದಾದರೆ ಕೋರಿಕೆ ಅಲ್ಲಿಯೇ ನಿಂತಿದೆ, ಹೊರಗಿನದಾದರೆ ಕೋರಿಕೆ ಮೋಡೆಮನ್ನು ದಾಟಿಹೋಗಿದೆ.

ರೌಟರಿನಲ್ಲಿ ನಿಂತಿದ್ದರೆ ಎರಡು ಕಾರಣಗಳನ್ನು ನೋಡಬೇಕು. ಒಂದು, ರೌಟರಿನ ಒಳಜಾಲವೇ 192.168.100 ಎಂದು ಆರಂಭವಾಗುತ್ತಿರುವುದು. ಆಗ ಲ್ಯಾಪ್‌ಟಾಪ್ ಮೋಡೆಮನ್ನು ಮನೆಯೊಳಗೇ ಹುಡುಕಿ ಸೋಲುತ್ತದೆ, ಅಥವಾ ಅದೇ ಸಂಖ್ಯೆಯನ್ನು ಇಟ್ಟುಕೊಂಡ ರೌಟರಿನ ಪುಟವನ್ನೇ ತೋರಿಸುತ್ತದೆ. ರೌಟರಿನ ಲ್ಯಾನ್ ವಿಳಾಸವನ್ನು 192.168.50.1ರಂತಹ ಬೇರೊಂದಕ್ಕೆ ಬದಲಿಸಿದರೆ ಇದು ತೀರುತ್ತದೆ. ಪ್ರಿಂಟರ್, ಸಿಸಿಟಿವಿ ಮೊದಲಾದವಕ್ಕೆ ಕೈಯಾರೆ ವಿಳಾಸ ಕೊಟ್ಟಿದ್ದರೆ ಅವನ್ನೂ ಬದಲಿಸಬೇಕಾಗುತ್ತದೆ. ಇನ್ನೊಂದು, ಹೊರಬದಿಯಲ್ಲಿ ಖಾಸಗಿ ವಿಳಾಸಗಳನ್ನು ತಡೆಯುವ ಫೈರ್‌ವಾಲ್ (ಬೇಡದ ಸಂಪರ್ಕಗಳಿಗೆ ಅಡ್ಡ ನಿಲ್ಲುವ ಕಾವಲು) ನಿಯಮ. 1996ರಲ್ಲಿ ಗೊತ್ತುಮಾಡಿದ ಪದ್ಧತಿಯಂತೆ 192.168ರಿಂದ ಆರಂಭವಾಗುವ ವಿಳಾಸಗಳೆಲ್ಲ ಮನೆ, ಕಚೇರಿಗಳ ಒಳಬಳಕೆಗೆ ಮೀಸಲು. ಅವು ಹೊರಗೆ ಹೋಗಬಾರದೆಂದು ಕೆಲವು ರೌಟರುಗಳು ತಡೆಯುವುದು ಸರಿಯೇ. ಆ ನಿಯಮವನ್ನು ಪೂರ್ತಿ ತೆಗೆದುಹಾಕದೆ 192.168.100.1 ಒಂದಕ್ಕೆ ಮಾತ್ರ ವಿನಾಯಿತಿ ಕೊಡುವುದು ಉತ್ತಮ. ಮನೆಯಲ್ಲಿ ಒಂದರ ಹಿಂದೆ ಒಂದು ಎರಡು ರೌಟರುಗಳಿದ್ದರೆ ಎರಡರಲ್ಲೂ ಇದನ್ನು ನೋಡಬೇಕು.

ರೌಟರಿನ ಸೆಟ್ಟಿಂಗ್ ಮುಟ್ಟಲು ಧೈರ್ಯವಿಲ್ಲದವರಿಗೆ ನೇರ ಪರೀಕ್ಷೆಯೇ ಒಳ್ಳೆಯದು, ನನ್ನ ಮಟ್ಟಿಗೆ ಇದೇ ಹೆಚ್ಚು ನಂಬಲರ್ಹ ಕೂಡ. ಮೋಡೆಮಿನಿಂದ ರೌಟರಿಗೆ ಹೋಗುವ ಲ್ಯಾನ್ ಕೇಬಲನ್ನು ರೌಟರಿನ ಬದಿಯಲ್ಲಿ ಕಳಚಿ ಲ್ಯಾಪ್‌ಟಾಪಿಗೆ ನೇರವಾಗಿ ಸಿಕ್ಕಿಸಿ, ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ, ಪುಟ ತೆರೆಯಿರಿ. ಇಲ್ಲಿ ತೆರೆದರೆ ಮೋಡೆಮ್ ಸರಿಯಾಗಿದೆ, ದೋಷ ರೌಟರಿನಲ್ಲಿದೆ ಎಂಬುದು ನಿಶ್ಚಯ. ಹೀಗೆ ಜೋಡಿಸಿದಾಗ ಲ್ಯಾಪ್‌ಟಾಪಿನಲ್ಲಿ ಇಂಟರ್ನೆಟ್ ಬಾರದಿದ್ದರೆ ಗಾಬರಿಯಾಗಬೇಡಿ: ಮೋಡೆಮ್ ತಾನು ಆನ್ ಆದಾಗ ಮೊದಲು ಕಂಡ ಉಪಕರಣವನ್ನಷ್ಟೇ ನೆನಪಿಟ್ಟುಕೊಂಡು ಮತ್ತೊಂದನ್ನು ಒಪ್ಪದಿರಬಹುದು. ಪರೀಕ್ಷೆ ಮುಗಿಸಿ ರೌಟರನ್ನು ಮತ್ತೆ ಜೋಡಿಸಿದ ಮೇಲೆ ಮೋಡೆಮನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಮೊದಲಿನಂತಾಗುತ್ತದೆ. ಲ್ಯಾಪ್‌ಟಾಪ್ ನೇರವಾಗಿ ಹೊರಜಾಲಕ್ಕೆ ತೆರೆದುಕೊಂಡಿರುವುದರಿಂದ ಅದರ ಫೈರ್‌ವಾಲ್ ಆನ್ ಆಗಿರಲಿ, ಪರೀಕ್ಷೆಯನ್ನು ಬೇಗ ಮುಗಿಸಿ.

ನೇರವಾಗಿ ಜೋಡಿಸಿದರೂ ತೆರೆಯದೆ, ಇಂಟರ್ನೆಟ್ ಮಾತ್ರ ಬರುತ್ತಿದ್ದರೆ, ಕೇಬಲ್‌ನವರೇ ಪುಟವನ್ನು ಮುಚ್ಚಿಟ್ಟಿರುವ ಸಾಧ್ಯತೆ ಹೆಚ್ಚು. ಮೋಡೆಮ್ ಪ್ರತಿಸಲ ಆನ್ ಆದಾಗಲೂ ಅವರ ಕಡೆಯಿಂದ ಒಂದು ಸಂರಚನಾ ಕಡತವನ್ನು ಇಳಿಸಿಕೊಂಡು ಅದರಂತೆ ನಡೆಯುತ್ತದೆ. ಪುಟ ಯಾರಿಗೆ ಕಾಣಬೇಕೆಂಬುದನ್ನು ಅವರು ದೂರದಿಂದಲೇ ನಿಯಂತ್ರಿಸಬಲ್ಲರು. ಇದನ್ನು ರೀಸೆಟ್‌ನಿಂದ ಸರಿಪಡಿಸಲಾಗದು, ಅವರನ್ನೇ ಕೇಳಬೇಕು.

ಲಕ್ಷಣ: ಇಂಟರ್ನೆಟ್ ಕೂಡ ಇಲ್ಲ, ಪುಟವೂ ತೆರೆಯುವುದಿಲ್ಲ

ದೀಪಗಳಿಂದ ಆರಂಭಿಸಿ. ಪವರ್ ದೀಪವೇ ಉರಿಯದಿದ್ದರೆ ಅಡಾಪ್ಟರ್ ನೋಡಿ. ಸೆಟ್ ಟಾಪ್ ಬಾಕ್ಸ್‌ನ ಅಡಾಪ್ಟರ್ ತುದಿ ಮೋಡೆಮಿಗೂ ಹೊಂದಿಕೊಳ್ಳಬಹುದು, ಆದರೆ ಎರಡರ ವೋಲ್ಟೇಜ್ ಬೇರೆಯಿದ್ದರೆ ಮೋಡೆಮ್ ಸುಟ್ಟುಹೋಗಬಹುದು. ಅಡಾಪ್ಟರಿನ ಮೇಲಿರುವ ವೋಲ್ಟೇಜ್ ಪೆಟ್ಟಿಗೆಯ ತಳದ ಚೀಟಿಯಲ್ಲಿರುವುದಕ್ಕೆ ಸರಿಹೊಂದಬೇಕು, ಅಡಾಪ್ಟರಿನ ಆಂಪಿಯರ್ ಚೀಟಿಯಲ್ಲಿರುವುದಕ್ಕಿಂತ ಕಡಿಮೆ ಇರಬಾರದು. ಪವರ್ ಇದ್ದು ಆನ್‌ಲೈನ್ ದೀಪ ಮಿನುಗುತ್ತಲೇ ಇದ್ದರೆ ಮೋಡೆಮಿಗೆ ಕೇಬಲ್ ಬದಿಯ ಸಿಗ್ನಲ್ ಸಿಗುತ್ತಿಲ್ಲ. ಪೂರ್ತಿ ಎದ್ದು ನಿಲ್ಲಲು ಅದಕ್ಕೆ ಕೆಲವು ನಿಮಿಷ ಬೇಕು. ನಡುವೆ ಮತ್ತೆ ಮತ್ತೆ ಸ್ವಿಚ್ ಒತ್ತಿದರೆ ಪ್ರತಿಸಲವೂ ಮೊದಲಿನಿಂದ ಆರಂಭಿಸುತ್ತದೆ.

ಸಿಗ್ನಲ್ ಇಲ್ಲದಿದ್ದರೂ ಪುಟ ತೆರೆಯಬೇಕು, ಅದು ಮೋಡೆಮಿನೊಳಗೇ ಇರುವಂಥದ್ದು. ಆದರೆ ರೌಟರಿಗೆ ಹೊರಬದಿಯ ವಿಳಾಸವೇ ಸಿಗದಿದ್ದಾಗ ಅದು ಕೋರಿಕೆಯನ್ನು ಮುಂದಕ್ಕೆ ಕಳುಹಿಸದಿರಬಹುದು. ಇಲ್ಲಿಯೂ ನೇರ ಪರೀಕ್ಷೆಯೇ ಉತ್ತರ. ಲ್ಯಾಪ್‌ಟಾಪಿಗೆ 169.254ರಿಂದ ಆರಂಭವಾಗುವ ವಿಳಾಸ ಬಂದಿದ್ದರೆ ಅದಕ್ಕೆ ಯಾರೂ ವಿಳಾಸ ಕೊಟ್ಟಿಲ್ಲ, ತಾನೇ ಒಂದನ್ನು ಹಾಕಿಕೊಂಡಿದೆ ಎಂದರ್ಥ. ಆಗ ಲ್ಯಾನ್ ಕೇಬಲ್ ಬದಲಿಸಿ ನೋಡಿ. ಅದರಿಂದಾಗದಿದ್ದರೆ ಲ್ಯಾಪ್‌ಟಾಪಿಗೆ ಕೈಯಾರೆ 192.168.100.10 ಎಂಬ ವಿಳಾಸವನ್ನೂ 255.255.255.0 ಎಂಬ ಸಬ್‌ನೆಟ್ ಮಾಸ್ಕನ್ನೂ ಕೊಟ್ಟು ಪುಟ ತೆರೆಯಿರಿ. ಕೆಲಸ ಮುಗಿದ ಮೇಲೆ ಅದನ್ನು ಮತ್ತೆ ಆಟೋಮ್ಯಾಟಿಕ್‌ಗೆ ತಿರುಗಿಸಲು ಮರೆಯಬೇಡಿ. ಇದಕ್ಕೂ ಓಗೊಡದ ಮೋಡೆಮನ್ನು ಕೆಟ್ಟಿದೆಯೆಂದು ಸಂಶಯಿಸಬಹುದು.

ಮಳೆಗಾಲದಲ್ಲಿ ಕರೆಂಟ್ ಹೋಗಿಬಂದ ಮೇಲೆ ಕಾಣಿಸುವ ಇನ್ನೊಂದು ಸ್ಥಿತಿಯಿದೆ: ಮೋಡೆಮಿನ ಪುಟ ತೆರೆಯುತ್ತದೆ, ಆನ್‌ಲೈನ್ ದೀಪವೂ ಸ್ಥಿರವಾಗಿದೆ, ಇಂಟರ್ನೆಟ್ ಮಾತ್ರ ಇಲ್ಲ. ಸಿಗ್ನಲ್ ಸಿಗುವ ಮುನ್ನ ಮೋಡೆಮ್ ತಾನೇ 192.168.100ರ ಸಾಲಿನ ತಾತ್ಕಾಲಿಕ ವಿಳಾಸವೊಂದನ್ನು ಎದುರಿನ ಉಪಕರಣಕ್ಕೆ ಕೊಡುವುದುಂಟು. ಮಿನಿ ಯುಪಿಎಸ್‌ನಲ್ಲಿ ನಡೆಯುತ್ತಿರುವ ರೌಟರ್ ಅದನ್ನೇ ಹಿಡಿದುಕೊಂಡು ಕುಳಿತರೆ ಹೀಗಾಗುತ್ತದೆ. ರೌಟರಿನ ಪುಟದಲ್ಲಿ ವ್ಯಾನ್ ವಿಳಾಸ, ಅಂದರೆ ಹೊರಬದಿಯ ವಿಳಾಸ, 192.168.100ರಿಂದ ಆರಂಭವಾಗಿದ್ದರೆ ಇದೇ ಕಾರಣ. ರೌಟರನ್ನು ಆಫ್ ಮಾಡಿ, ಮೋಡೆಮಿನ ಆನ್‌ಲೈನ್ ದೀಪ ಸ್ಥಿರವಾಗಿರುವಾಗ ಮತ್ತೆ ಆನ್ ಮಾಡಿ. ಎರಡನ್ನೂ ಒಂದೇ ಯುಪಿಎಸ್‌ಗೆ ಸೇರಿಸಿದರೆ ಈ ತೊಂದರೆ ಕಡಿಮೆಯಾಗಬಹುದು. ಎರಡರ ಭಾರವನ್ನೂ ಆ ಯುಪಿಎಸ್ ತಡೆದುಕೊಳ್ಳುವುದೇ ಎಂದು ಮೊದಲು ನೋಡಿಕೊಳ್ಳಿ.

ಲಕ್ಷಣ: ಪುಟ ಸುರಕ್ಷಿತವಲ್ಲ ಎಂದು ಬ್ರೌಸರ್ ಎಚ್ಚರಿಸುತ್ತದೆ

ಮೋಡೆಮ್ ತನ್ನ ಪ್ರಮಾಣಪತ್ರಕ್ಕೆ ತಾನೇ ಸಹಿ ಹಾಕಿಕೊಂಡಿರುವುದರಿಂದ ಈ ಎಚ್ಚರಿಕೆ ಬರುತ್ತದೆ. ನೀವು ಮನೆಯ ಜಾಲದಲ್ಲಿದ್ದು, ವಿಳಾಸವನ್ನು ನೀವೇ ಟೈಪ್ ಮಾಡಿದ್ದರೆ ಮುಂದುವರಿಯಬಹುದು. ಬ್ಯಾಂಕಿನ ಪುಟದಲ್ಲಿ ಇಂಥ ಎಚ್ಚರಿಕೆ ಬಂದರೆ ಎಂದಿಗೂ ಮುಂದುವರಿಯಬಾರದು.

ಲಕ್ಷಣ: ಪಾಸ್‌ವರ್ಡ್ ಒಪ್ಪುವುದಿಲ್ಲ

ಪೆಟ್ಟಿಗೆಯ ತಳದಲ್ಲಿ ಅಂಟಿಸಿದ ಚೀಟಿಯನ್ನು ನೋಡಿ; ವೈಫೈ ಪಾಸ್‌ವರ್ಡ್ ಮತ್ತು ಪುಟದ ಪಾಸ್‌ವರ್ಡ್ ಬೇರೆ ಬೇರೆ ಆಗಿರಬಹುದು. ಕೈಗೆ ಬಂದದ್ದನ್ನೆಲ್ಲ ಹಾಕುತ್ತ ಹೋದರೆ ಕೆಲವು ಮೋಡೆಮ್‌ಗಳು ಸ್ವಲ್ಪ ಹೊತ್ತು ಬಾಗಿಲು ಮುಚ್ಚುತ್ತವೆ. ಚೀಟಿಯಲ್ಲಿರುವುದು ನಡೆಯದಿದ್ದರೆ ಜೋಡಿಸಿ ಹೋದವರು ಅದನ್ನು ಬದಲಿಸಿರುವ ಸಾಧ್ಯತೆಯಿದೆ, ಅವರಲ್ಲೇ ಕೇಳಿ. ರೌಟರ್ ಕೂಡಿಕೊಂಡಿರುವ ಪೆಟ್ಟಿಗೆಯನ್ನು ರೀಸೆಟ್ ಮಾಡಿದರೆ ವೈಫೈ ಹೆಸರು, ಪಾಸ್‌ವರ್ಡ್ ಮತ್ತು ಕೇಬಲ್‌ನವರು ತುಂಬಿಸಿದ ಲಾಗಿನ್ ವಿವರ ಅಳಿಸಿಹೋಗಬಹುದು. ಶನಿವಾರ ಸಂಜೆ ಹೀಗಾದರೆ ಸೋಮವಾರದ ತನಕ ಯಾರೂ ಬಾರದಿರುವುದೂ ಉಂಟು.

ಪುಟ ತೆರೆದ ಮೇಲೆ ಏನನ್ನು ನೋಡಬೇಕು

ಸ್ಟೇಟಸ್ ಅಥವಾ ಸಿಗ್ನಲ್ ಎಂಬ ವಿಭಾಗಕ್ಕೆ ಹೋಗಿ. ಡೌನ್‌ಸ್ಟ್ರೀಮ್ ಬಲ, ಅಂದರೆ ಮನೆಗೆ ಬರುವ ಸಿಗ್ನಲ್ಲಿನ ಬಲ, -7ರಿಂದ +7 ಡಿಬಿಎಂವಿ (ಸಿಗ್ನಲ್ ಬಲದ ಅಳತೆ) ನಡುವೆ ಇದ್ದರೆ ನೆಮ್ಮದಿ. -15ರಿಂದ +15ರ ಆಚೆಗೆ ಹೋದರೆ ಮೋಡೆಮ್ ಸರಿಯಾಗಿ ನಡೆಯುವ ಭರವಸೆಯಿಲ್ಲ. ಸಿಗ್ನಲ್ಲಿಗೂ ಗದ್ದಲಕ್ಕೂ ಇರುವ ಅಂತರ 33 ಡೆಸಿಬಲ್‌ಗಿಂತ ಮೇಲಿರುವುದು ಒಳ್ಳೆಯದು. ಅಪ್‌ಸ್ಟ್ರೀಮ್ ಬಲ, ಅಂದರೆ ಮೋಡೆಮ್ ಹೊರಗೆ ಕಳುಹಿಸುವ ಸಿಗ್ನಲ್ಲಿನ ಬಲ, ಸುಮಾರು 35ರಿಂದ 49 ಡಿಬಿಎಂವಿಯೊಳಗೆ ಇರಲಿ. 50 ದಾಟಿದರೆ ಮೋಡೆಮ್ ತನ್ನ ಬಲವನ್ನೆಲ್ಲ ಹಾಕಿ ಕಳುಹಿಸಿದರೂ ಆಚೆಗೆ ಸರಿಯಾಗಿ ತಲುಪುತ್ತಿಲ್ಲ. ಈವೆಂಟ್ ಲಾಗ್‌ನಲ್ಲಿ, ಅಂದರೆ ಮೋಡೆಮ್ ಬರೆದಿಟ್ಟ ಘಟನೆಗಳ ಪಟ್ಟಿಯಲ್ಲಿ, ಟಿ3, ಟಿ4 ಟೈಮ್‌ಔಟ್ (ಕಾದರೂ ಆಚೆಯಿಂದ ಉತ್ತರ ಬಾರದಿರುವುದು) ಎಂಬ ಸಾಲುಗಳು ಮತ್ತೆ ಮತ್ತೆ ಬರುತ್ತಿದ್ದರೆ ಅದರ ಅರ್ಥವೂ ಬಹುತೇಕ ಇದೇ.

ಅಂಕಿಗಳು ಕೆಟ್ಟಿದ್ದರೆ ಮನೆಯೊಳಗೆ ನೀವೇ ನೋಡಬಹುದಾದದ್ದು ಎರಡು. ಟಿವಿಗೂ ಮೋಡೆಮಿಗೂ ಕೇಬಲನ್ನು ಹಂಚುವ ಸ್ಪ್ಲಿಟ್ಟರ್ ಒಂದೊಂದೂ ಸುಮಾರು 3.5 ಡೆಸಿಬಲ್ ತಿನ್ನುತ್ತದೆ, ಅನವಶ್ಯಕವಾದವನ್ನು ತೆಗೆಯಿರಿ. ಮಲ್ಪೆ, ಸುರತ್ಕಲ್, ಉಳ್ಳಾಲದಂಥ ಕಡಲ ಬದಿಯ ಊರುಗಳಲ್ಲಿ ಉಪ್ಪುಗಾಳಿಗೆ ಕೇಬಲಿನ ತುದಿಯ ಕನೆಕ್ಟರ್ ಬೇಗ ತುಕ್ಕು ಹಿಡಿಯುತ್ತದೆ. ಬಿಚ್ಚಿದಾಗ ಒಳಗೆ ಹಸಿರು ಅಥವಾ ಬಿಳಿ ಪುಡಿ ಕಂಡರೆ, ನೀರಿನ ಪಸೆ ಇದ್ದರೆ, ಒರೆಸಿ ಮತ್ತೆ ಹಾಕಿದರೆ ನಾಲ್ಕು ದಿನ ನಡೆಯಬಹುದಷ್ಟೆ. ತುದಿಯನ್ನು ಕತ್ತರಿಸಿ ಹೊಸ ಕನೆಕ್ಟರ್ ಹಾಕಿಸಬೇಕು.

ಯಾವಾಗ ನಿಲ್ಲಿಸಿ ಕೇಬಲ್‌ನವರನ್ನು ಕರೆಯಬೇಕು

ನೇರ ಪರೀಕ್ಷೆಯಲ್ಲೂ ಪುಟ ತೆರೆಯದಿದ್ದರೆ, ಆನ್‌ಲೈನ್ ದೀಪ ಅರ್ಧ ಗಂಟೆಯಾದರೂ ಸ್ಥಿರವಾಗದಿದ್ದರೆ, ಸುಟ್ಟ ವಾಸನೆ ಬಂದರೆ, ಅಥವಾ ಸಿಗ್ನಲ್ ಅಂಕಿಗಳು ಮೇಲಿನ ಮಿತಿಯನ್ನು ದಾಟಿದ್ದರೆ ಮುಂದಿನ ಕೆಲಸ ನಿಮ್ಮದಲ್ಲ. ಸುಟ್ಟ ವಾಸನೆ ಬಂದಾಗ ಗೋಡೆಯ ಸ್ವಿಚ್ ಆಫ್ ಮಾಡಿ, ಪೆಟ್ಟಿಗೆಯನ್ನು ಬಿಚ್ಚದೆ ಹಾಗೆಯೇ ಇಡಿ. ಕರೆ ಮಾಡುವಾಗ ನೆಟ್ ಇಲ್ಲ ಎಂದಷ್ಟೇ ಹೇಳಿದರೆ ಮೋಡೆಮ್ ಆಫ್ ಮಾಡಿ ಆನ್ ಮಾಡಿ ಎಂಬ ಉತ್ತರವೇ ಬರುತ್ತದೆ. ಅದರ ಬದಲು ಮೋಡೆಮಿನ ತಳದಲ್ಲಿರುವ ಮ್ಯಾಕ್ ವಿಳಾಸ, ಯಾವ ದೀಪ ಉರಿಯುತ್ತಿದೆ, ನೇರವಾಗಿ ಜೋಡಿಸಿ ನೋಡಿದಾಗ ಏನಾಯಿತು, ಡೌನ್‌ಸ್ಟ್ರೀಮ್ ಮತ್ತು ಅಪ್‌ಸ್ಟ್ರೀಮ್ ಅಂಕಿಗಳೆಷ್ಟು ಎಂದು ಹೇಳಿ, ಪುಟದ ಫೋಟೋ ಕಳುಹಿಸಿ, ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ತಂತ್ರಜ್ಞರು ಬಂದು ದುರಸ್ತಿ ಮುಗಿಸಿದ ಮೇಲೆ ಅವರು ಹೊರಡುವ ಮುನ್ನವೇ ಅದೇ ಪುಟವನ್ನು ತೆರೆದು, ಹಳೆಯ ಫೋಟೋದ ಅಂಕಿಗಳೊಂದಿಗೆ ಹೊಸದನ್ನು ಹೋಲಿಸಿ ನೋಡಿ.